ಮನೆಯ ಬಾಗಿಲಿಗೆ ಬರುವ ವೇಗವೆಷ್ಟು?

ನಮ್ಮ ಓದುಗರಲ್ಲೊಬ್ಬರು ಹೋದ ತಿಂಗಳು ಕಾಗದ ಬರೆದು, "ನಮ್ಮ ಊರಿನಲ್ಲಿ ಮನೆಗೆ ಹಾಕಿಸಿಕೊಳ್ಳಬಹುದಾದ ಅತ್ಯಂತ ವೇಗದ ಬ್ರಾಡ್‌ಬ್ಯಾಂಡು ಯಾವುದು? ಒಂದೇ ಮಾತಿನಲ್ಲಿ ತಿಳಿಸತಕ್ಕದ್ದು" ಎಂದು ಅಪ್ಪಣೆ ಮಾಡಿದ್ದಾರೆ. ಒಂದೇ ಮಾತಿನಲ್ಲಿ ತಿಳಿಸಲು ಶಕ್ಯವಾಗಿದ್ದರೆ ಈ ಪುಟವನ್ನು ತುಂಬುವ ಶ್ರಮವು ನಮಗೂ ತಪ್ಪುತ್ತಿತ್ತು, ಓದುವ ಶ್ರಮವು ಅವರಿಗೂ ತಪ್ಪುತ್ತಿತ್ತು. ಮಹಾಶಯರು ಕೇಳಿರುವುದು ಊರಿನ ವಿಷಯ. ಕೇಳಬೇಕಾದದ್ದು ಮನೆಯ ವಿಷಯ. ಇವೆರಡಕ್ಕೂ ಇರುವ ಅಂತರವನ್ನು ತಿಳಿಯುವುದಕ್ಕಾಗಿ ನಾವು ತೆತ್ತ ಗುರುದಕ್ಷಿಣೆಯು ಆರು ತಿಂಗಳ ಬಾಡಿಗೆ ಮತ್ತು ಅದರ ಮೇಲೆ ನೂರಕ್ಕೆ 18 ರಂತೆ ತೆರಿಗೆ.

ಸಂಗತಿಯನ್ನು ಮೊದಲಿನಿಂದ ಹೇಳುವೆವು. ನಮ್ಮ ಮನೆಯು ತೀರ್ಥಹಳ್ಳಿಯ ಪೇಟೆಯಿಂದ ಸ್ವಲ್ಪ ದೂರದಲ್ಲಿ, ಅಡಿಕೆಯ ತೋಟಗಳ ಮಗ್ಗುಲಿಗೆ ಇರುವುದು. 2024ನೆಯ ಇಸವಿಯ ಜೂನ್ ತಿಂಗಳ ಮಳೆಯಲ್ಲಿ ನಮ್ಮ ಮನೆಯಾಕೆಯು ಹಿತ್ತಿಲಿನ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಕೀಲನ್ನು ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಮೇಲೆ ಮೂರು ತಿಂಗಳು ಹಗಲೂ ರಾತ್ರಿಯೂ ಒಬ್ಬರು ಹತ್ತಿರವಿರಬೇಕೆಂದು ವೈದ್ಯರ ಆಜ್ಞೆ. ಮಗನಿಗೆ ಬೆಂಗಳೂರಿನಲ್ಲಿ ಕಾರ್ಖಾನೆಯ ಕೆಲಸ, ಬಿಟ್ಟು ಬರುವಂತಿಲ್ಲ. ಸೊಸೆಗೆ ಮಾತ್ರ ಮನೆಯಲ್ಲಿ ಕುಳಿತೇ ಕಂಪ್ಯೂಟರಿನಲ್ಲಿ ಕಚೇರಿಯ ಕೆಲಸವನ್ನು ಮಾಡುವ ಅನುಕೂಲವಿತ್ತು. ಅವಳು ತಾನಾಗಿಯೇ, "ಮಾವ, ನಾನು ಬಂದು ಅತ್ತೆಯ ಹತ್ತಿರ ಇರುತ್ತೇನೆ. ಆದರೆ ಅಲ್ಲಿ ನೆಟ್ಟು ಸರಿಯಾಗಿರಬೇಕು. ಹದಿನೈದು ದಿವಸ ನೋಡುತ್ತೇವೆ, ಆಗದಿದ್ದರೆ ವಾಪಸು ಬರಬೇಕು ಅಂತ ಆಫೀಸಿನವರು ಹೇಳಿದ್ದಾರೆ" ಎಂದಳು. ಹೀಗೆ ನಮ್ಮ ಸಂಸಾರದ ವ್ಯವಸ್ಥೆಯೆಲ್ಲ ಒಂದು ತಂತಿಯ ಮೇಲೆ ಬಂದು ನಿಂತಿತು.

ನಾವು ಪೇಟೆಯಲ್ಲಿ ಸಿಕ್ಕಿದ ಜಾಹೀರಾತಿನ ಕಾಗದಗಳನ್ನೆಲ್ಲ ತಂದು ಜಗಲಿಯ ಮೇಲೆ ಹರಡಿ, ಯಾವುದರಲ್ಲಿ ಅಂಕಿಯು ದೊಡ್ಡದೋ ಅದನ್ನು ಆರಿಸಿದೆವು. "300 ಮೆಗಾಬಿಟ್ಟುಗಳವರೆಗೆ" ಎಂದು ಅದರಲ್ಲಿ ಅಚ್ಚಾಗಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ವ್ಯಾಕರಣವನ್ನು ಹೇಳಿದ ನಾವು ಈ 'ವರೆಗೆ' ಎಂಬ ಶಬ್ದದಲ್ಲಿ ಎಡವಿದೆವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ. ಸಂಸ್ಕೃತ ವೈಯಾಕರಣರು ಮೇರೆಯನ್ನು ಹೇಳುವಲ್ಲಿ ಮರ್ಯಾದೆ, ಅಭಿವಿಧಿ ಎಂದು ಎರಡು ಬಗೆಯನ್ನು ಹೇಳುವರು. ಮೇರೆಯಾದ ವಸ್ತುವು ಹೊರಗುಳಿದರೆ ಮರ್ಯಾದೆ; ಅದೂ ಒಳಗೆ ಸೇರಿದರೆ ಅಭಿವಿಧಿ. ಜಾಹೀರಾತಿನ 'ವರೆಗೆ'ಯನ್ನು ನಾವು ಅಭಿವಿಧಿಯೆಂದು ಗ್ರಹಿಸಿದೆವು. ಅದು ಶುದ್ಧ ಮರ್ಯಾದೆ. ಮುನ್ನೂರು ಎಂಬುದು ಮುಟ್ಟಬಾರದ ಗಡಿಯೇ ಹೊರತು ದೊರೆಯುವ ವಸ್ತುವಲ್ಲ.

ನಾವು ಕೊಂಡದ್ದು ತಂತಿಯಿಲ್ಲದ ಬಗೆ. ಮಾಳಿಗೆಯ ಮೇಲೆ ಒಂದು ಪೆಟ್ಟಿಗೆಯನ್ನು ಕೂರಿಸುವರು. ಅದು ಮೊಬೈಲಿನ ಗೋಪುರದಿಂದ ಬರುವ 5ಜಿ ಅಲೆಗಳನ್ನು ಹಿಡಿದು ಮನೆಯೊಳಕ್ಕೆ ಇಳಿಸುವುದು. ಒಂದೇ ದಿವಸದಲ್ಲಿ ಕೆಲಸ ಮುಗಿಯಿತು, ಕಂಬ ನೆಡುವ ಗೋಜಿಲ್ಲ. ಬೆಳಗ್ಗೆ ಹತ್ತು ಘಂಟೆಗೆ ಕಂಪನಿಯ ಹುಡುಗನು ತನ್ನ ಮೊಬೈಲಿನಲ್ಲಿ ಅಳೆದು 180 ಎಂದು ತೋರಿಸಿದನು. ನಾವು ಸಂತುಷ್ಟರಾಗಿ ಆರು ತಿಂಗಳ ಹಣವನ್ನು ಮುಂಗಡವಾಗಿ ಎಣಿಸಿದೆವು.

ಸೊಸೆಯು ಬಂದಳು. ಅವಳ ಕಚೇರಿಯವರಿಗೆ ಅಮೆರಿಕೆಯೊಡನೆ ವ್ಯವಹಾರವಾದ್ದರಿಂದ ಮುಖ್ಯವಾದ ಸಭೆಗಳು ರಾತ್ರಿ ಎಂಟರ ಮೇಲೆ. ಮೊದಲನೆಯ ರಾತ್ರಿಯೇ ಅವಳು ಮಾತನಾಡುತ್ತಿರುವಾಗ ಆಚೆಯವರಿಗೆ ಅವಳ ಮುಖವು ಕಲ್ಲಿನ ವಿಗ್ರಹದಂತೆ ನಿಂತುಬಿಟ್ಟಿತಂತೆ. ಅಳೆದು ನೋಡಿದರೆ 11. ಮರುದಿನವೂ ಹಾಗೆಯೇ ಆಯಿತು. ಅವಳು ಅಡುಗೆಮನೆಗೆ ಬಂದು ಮೆಲ್ಲಗೆ, "ಮಾವ, ಇಳಿಯುವ ವೇಗ ಹನ್ನೊಂದಾದರೂ ನನಗೆ ಸಾಕು. ಏರುವ ವೇಗ ಎರಡೂ ಇಲ್ಲ. ಅವರು ಹೇಳುವುದು ನನಗೆ ಕೇಳಿಸುತ್ತದೆ, ನಾನು ಹೇಳುವುದು ಅವರಿಗೆ ಮುಟ್ಟುತ್ತಿಲ್ಲ" ಎಂದಳು. ಒಳಕೋಣೆಯಲ್ಲಿ ಮಲಗಿದ್ದಾಕೆಗೆ ಇದು ಕೇಳಿಸಬಾರದೆಂದು ಅವಳು ದನಿಯನ್ನು ತಗ್ಗಿಸಿದ್ದಳು. ಕೇಳಿಸದೆ ಇರಲಿಲ್ಲ.

ಇಳಿಯುವುದು, ಏರುವುದು ಎಂಬ ಈ ಭೇದವನ್ನು ಜಾಹೀರಾತುಗಳು ಮುಚ್ಚಿಡುವುದರಿಂದ ಸ್ವಲ್ಪ ವಿವರಿಸಬೇಕು. ಹೊರಗಿನಿಂದ ಮನೆಗೆ ಬರುವ ಹರಿವು ಒಂದು, ಮನೆಯಿಂದ ಹೊರಗೆ ಹೋಗುವ ಹರಿವು ಇನ್ನೊಂದು. ಚಲನಚಿತ್ರವನ್ನು ನೋಡುವವನಿಗೆ ಮೊದಲನೆಯದು ಸಾಕು. ಪಾಠ ಹೇಳುವವನಿಗೆ, ಕಚೇರಿಯ ಸಭೆಯಲ್ಲಿ ಮಾತನಾಡುವವಳಿಗೆ, ದೂರದಲ್ಲಿರುವ ಮೊಮ್ಮಗುವಿಗೆ ಮುಖ ತೋರಿಸುವ ಅಜ್ಜಿಗೆ ಎರಡನೆಯದೂ ಬೇಕು. ಒಳ್ಳೆಯ ಚಿತ್ರದೊಡನೆ ಮಾತನಾಡುವುದಕ್ಕೆ ಎರಡು ಕಡೆಯೂ ಮೂರು ನಾಲ್ಕು ಮೆಗಾಬಿಟ್ಟು ಸಾಕಾಗುವುದು. ಆದರೆ ಅದು ಎಡೆಬಿಡದೆ ಇರಬೇಕು. ಕಾಗದದಲ್ಲಿರುವ ದೊಡ್ಡ ಅಂಕಿಯು ಬಹುಮಟ್ಟಿಗೆ ಇಳಿಯುವ ಹರಿವಿನದೇ. ಇನ್ನೂ ಒಂದು ಮಾತು: ಅಲ್ಲಿ ಹೇಳುವುದು ಬಿಟ್ಟು, ನಾವು ಕಡತಗಳನ್ನು ಎಣಿಸುವುದು ಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ಆದಕಾರಣ 100 ಮೆಗಾಬಿಟ್ಟಿನ ಸಂಪರ್ಕದಲ್ಲಿ ಒಂದು ಸೆಕೆಂಡಿಗೆ ಪೂರ್ಣವಾಗಿ ಬಂದರೂ ಹನ್ನೆರಡೂವರೆ ಮೆಗಾಬೈಟು ಮಾತ್ರ ಬರುವುದು. ಇದನ್ನು ಮೋಸವೆಂದು ತಿಳಿದು ಜಗಳಕ್ಕೆ ಹೋಗಬಾರದು.

ಬ್ರಾಡ್‌ಬ್ಯಾಂಡು ಎಂಬ ಹೆಸರೇ ಸಾಕಷ್ಟು ಭರವಸೆಯಲ್ಲವೇ ಎಂದರೆ, ಅಲ್ಲ. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಇಂಟರ್ನೆಟ್ಟು ಸಾರ್ವಜನಿಕರಿಗೆ ದೊರೆತಾಗ ಅದು ದೂರವಾಣಿಯ ತಂತಿಯಲ್ಲಿ ಕಿರುಗುಟ್ಟುತ್ತ ಬರುತ್ತಿತ್ತು. 2004ರ ಸರ್ಕಾರೀ ನೀತಿಯಲ್ಲಿ 256 ಕಿಲೋಬಿಟ್ಟಿದ್ದರೆ ಬ್ರಾಡ್‌ಬ್ಯಾಂಡೆಂದು ಗಣನೆ. ಅನಂತರ ಅದು 512 ಆಯಿತು. 2023ರಲ್ಲಿ 2 ಮೆಗಾಬಿಟ್ಟೆಂದು ಗೊತ್ತುಮಾಡಿದರು. ಅಂದರೆ ನಮ್ಮ ಮನೆಯ 11 ಸಹ ಲಕ್ಷಣಕ್ಕೆ ಅನುಸಾರವಾಗಿ ಬ್ರಾಡ್‌ಬ್ಯಾಂಡೇ. ಲಕ್ಷಣದಲ್ಲಿ ದೋಷವಿಲ್ಲ, ಸಭೆ ಮಾತ್ರ ನಡೆಯುವುದಿಲ್ಲ.

ರಾತ್ರಿಯಲ್ಲೇ ಏತಕ್ಕೆ ಹೀಗಾಗುವುದು? ಒಂದು ಗೋಪುರದ ಶಕ್ತಿಯನ್ನು ಆ ಸುತ್ತಿನ ಮೊಬೈಲುಗಳೂ ಮನೆಯ ಪೆಟ್ಟಿಗೆಗಳೂ ಹಂಚಿಕೊಳ್ಳಬೇಕು. ಒಂದೇ ತೊಟ್ಟಿಯಿಂದ ಬೀದಿಗೆಲ್ಲ ನಲ್ಲಿ ಬಿಟ್ಟಂತೆ. ಬೆಳಗ್ಗೆ ಹತ್ತಕ್ಕೆ ಊರಿನವರೆಲ್ಲ ಕೆಲಸದಲ್ಲಿರುವರು; ರಾತ್ರಿ ಎಂಟಕ್ಕೆ ಎಲ್ಲರೂ ಊಟದೊಡನೆ ಆಟವನ್ನು ನೋಡುವರು. ಮೇಲಾಗಿ ನಮ್ಮ ಮನೆಗೂ ಗೋಪುರಕ್ಕೂ ನಡುವೆ ಮರಗಳು. ನೆನೆದ ಎಲೆಗಳು ಅಲೆಯನ್ನು ಕುಗ್ಗಿಸುವುವು. ಗೋಪುರವು ಕಣ್ಣಿಗೆ ಕಾಣುವ ಮನೆಗೆ ಈ ಬಗೆಯೇ ಅನುಕೂಲವಾದೀತು. ಕಂಪನಿಯನ್ನು ನಾವು ದೂಷಿಸಲಾರೆವು. ಆದರೆ ಮುಂಗಡವನ್ನು ಹಿಂದಕ್ಕೆ ಕೇಳಿದಾಗ ಅವರು ಮಾಡಿದ ಜಾಣಕಿವುಡನ್ನು ಮರೆಯಲಾರೆವು.

ಹದಿನೈದರಲ್ಲಿ ಐದು ದಿವಸ ಕಳೆದಿದ್ದವು. ಆಗ ನೆನಪಿಗೆ ಬಂದವನು ಕೇಬಲಿನ ಕೆಲಸ ಮಾಡುವ ನಮ್ಮ ಹಳೆಯ ಶಿಷ್ಯನೊಬ್ಬನು. ಶಾಲೆಯಲ್ಲಿ ರಾಮಶಬ್ದವು ಏಳು ವಿಭಕ್ತಿಗಳಲ್ಲಿ ಅವನಿಗೆ ಎಂದೂ ಪೂರ್ತಿಯಾಗಿ ಬಂದುದಿಲ್ಲ. ಕರೆಕಳುಹಿಸಿದೊಡನೆ ಏಣಿಯನ್ನು ಹೊತ್ತುಕೊಂಡು ಬಂದು, ನಮ್ಮ ಕಾಗದಗಳನ್ನು ಮುಟ್ಟಿ ಸಹ ನೋಡದೆ, "ಮೇಷ್ಟ್ರೇ, ಕಾಗದ ಆಮೇಲೆ ನೋಡೋಣ. ಕಂಬ ನೋಡೋಣ ಬನ್ನಿ" ಎಂದನು. ಗುರುವು ಶಿಷ್ಯನ ಹಿಂದೆ ಕೊಡೆ ಹಿಡಿದು ನಡೆದನು.

ಆ ದಿವಸ ಕಲಿತದ್ದೇ ಈ ಲೇಖನದ ಸಾರವಾದ್ದರಿಂದ ಸಾವಕಾಶವಾಗಿ ಹೇಳುವೆವು. ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಸಂಪರ್ಕಕ್ಕೆ ಫೈಬರು ಎಂದು ಹೆಸರು. ಹಳೆಯ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ವೇಗವು ಕುಗ್ಗುತ್ತಿತ್ತು. ಗಾಜಿನಲ್ಲಿ ಹಲವು ಕಿಲೋಮೀಟರು ಹೋದರೂ ನಷ್ಟವು ಅಲ್ಪ. ಗಾಜಿನೊಳಗಿನ ಕಲ್ಮಷವನ್ನು ತೆಗೆದರೆ ಬೆಳಕನ್ನು ಹೀಗೆ ದೂರಕ್ಕೆ ಕಳುಹಿಸಬಹುದೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿಗೆ 2009ರಲ್ಲಿ ನೊಬೆಲ್ ಬಹುಮಾನ ಬಂದಿತು. ಊರಿಗೆ ಬಂದ ಒಂದು ಎಳೆಯನ್ನು ಕಂಬದ ಮೇಲಿನ ಪೆಟ್ಟಿಗೆಗಳಲ್ಲಿ ಕವಲೊಡೆಸಿ ಮೂವತ್ತೆರಡು ಅಥವಾ ಅರವತ್ತನಾಲ್ಕು ಮನೆಗಳಿಗೆ ಹಂಚುವುದು ವಾಡಿಕೆ. ಸಾಧಾರಣವಾಗಿ ಬಳಕೆಯಲ್ಲಿರುವ ಏರ್ಪಾಡಿನಲ್ಲಿ ಅವರೆಲ್ಲರಿಗೂ ಸೇರಿ ಇಳಿಯುವುದಕ್ಕೆ ಎರಡೂವರೆ ಗಿಗಾಬಿಟ್ಟು, ಏರುವುದಕ್ಕೆ ಅದರ ಅರ್ಧ. ಆದಕಾರಣ ಯಾವ ಕಂಪನಿ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳೇ ಬೇರೆ. ಆ ಪೆಟ್ಟಿಗೆಯು ನಮ್ಮ ಮನೆಯಿಂದ ಎಷ್ಟು ಕಂಬಗಳಾಚೆ ಇದೆ? ಅದರಲ್ಲಿ ಖಾಲಿ ಕವಲು ಉಂಟೇ? ಅದರಿಂದ ಈಗಾಗಲೇ ತೆಗೆದುಕೊಂಡಿರುವ ನೆರೆಮನೆಯವರಿಗೆ ರಾತ್ರಿ ಒಂಬತ್ತರಲ್ಲಿ ಎಷ್ಟು ಬರುತ್ತಿದೆ?

ನಮ್ಮ ಬೀದಿಯ ಕಂಬಗಳಲ್ಲಿ ಎರಡು ದೊಡ್ಡ ಕಂಪನಿಗಳ ಎಳೆಯು ಪೇಟೆಯ ತಿರುವಿನಲ್ಲೇ ನಿಂತುಹೋಗಿತ್ತು. ಅವರ ಜಾಲತಾಣದಲ್ಲಿ ನಮ್ಮ ಪಿನ್‌ಕೋಡನ್ನು ಬರೆದರೆ 'ದೊರೆಯುತ್ತದೆ' ಎಂದೇ ಉತ್ತರ! ಪಿನ್‌ಕೋಡು ಅಂಚೆಯವನಿಗೆ ಸರಿ. ಒಂದು ಪಿನ್‌ಕೋಡಿನಲ್ಲಿ ಪೇಟೆಯೂ ಉಂಟು, ಹಳ್ಳಿಯೂ ಉಂಟು, ಕಾಡೂ ಉಂಟು. ಮೂರನೆಯದಾದ ಒಂದು ಎಳೆಯು ತೋಟದ ಆಚೆಯ ಮನೆಗೆ ಬಂದಿತ್ತು. ಅದರ ಅಂಕಿಯು 100 ಮಾತ್ರವಾದ್ದರಿಂದ ನಾವು ಮೊದಲು ಆ ಕಾಗದವನ್ನು ಬಿಸಾಡಿದ್ದೆವು. ಆ ಮನೆಯವರನ್ನು ವಿಚಾರಿಸಿ, ರಾತ್ರಿ ಒಂಬತ್ತು ಘಂಟೆಗೆ ಅವರ ಜಗಲಿಯ ಮೇಲೆ ಕುಳಿತು ಅಳೆದೆವು: ಇಳಿಯುವುದು 92, ಏರುವುದು 90. ನ್ಯಾಯಶಾಸ್ತ್ರದಲ್ಲಿ ಆಪ್ತನ ಮಾತೂ ಪ್ರಮಾಣವೇ. ಆದರೆ ಮಾರುವವನು ಆಪ್ತನಲ್ಲ, ಕೊಂಡು ಅನುಭವಿಸಿದ ನೆರೆಯವನು ಆಪ್ತ. ಅವನ ಮನೆಯಲ್ಲಿ ಅಳೆದದ್ದಂತೂ ಪ್ರತ್ಯಕ್ಷವೇ ಸರಿ.

ನಡುವೆ ನಾನ್ನೂರು ಮೀಟರು ತೋಟ. ತೋಟದ ಒಡೆಯರಿಗೂ ನಮಗೂ ಬೇಲಿಯ ವಿಷಯದಲ್ಲಿ ಎಂಟು ವರ್ಷಗಳಿಂದ ಮಾತಿಲ್ಲ. ಸೊಸೆಯನ್ನು ಕಳುಹಿಸೋಣವೆಂದುಕೊಂಡೆವು, ಅದು ಸರಿಯಲ್ಲವೆಂದು ತೋರಿ ನಾವೇ ಹೋದೆವು. ಅವರು ವಿಷಯವನ್ನು ಕೇಳಿ, "ಅಮ್ಮನವರು ಈಗ ಹೇಗಿದ್ದಾರೆ ಮೇಷ್ಟ್ರೇ?" ಎಂದು ಮಾತ್ರ ಕೇಳಿದರು. ಮರುದಿನ ಶಿಷ್ಯನು ಅಡಿಕೆಯ ಮರದಿಂದ ಮರಕ್ಕೆ ತಂತಿಯನ್ನು ಕಟ್ಟಿಕೊಂಡು ಬರುವಾಗ ಅವರ ಆಳೇ ಏಣಿಯನ್ನು ಹಿಡಿದಿದ್ದನು.

ಎಳೆಯು ಮನೆಗೆ ಬಂದಮೇಲೆ ಶಿಷ್ಯನು ಒಂದು ಸಣ್ಣ ಉಪಕರಣದಿಂದ ಬೆಳಕಿನ ಬಲವನ್ನು ಅಳೆದನು. ಅದರ ಅಂಕಿಯು ಋಣದಲ್ಲಿರುವುದು. ಋಣ 20ರ ಸುತ್ತು ಇದ್ದರೆ ಒಳ್ಳೆಯದು, ಋಣ 27ರಿಂದಾಚೆಗೆ ಇಳಿದರೆ ಎಳೆಯು ಎಲ್ಲಿಯೋ ಬಾಗಿದೆ ಅಥವಾ ಜೋಡಣೆ ಕೆಟ್ಟಿದೆ ಎಂದರ್ಥ. ಓದುಗರು ಕೆಲಸದವನು ಹೊರಡುವ ಮುಂಚೆ ಈ ಅಂಕಿಯನ್ನು ಕೇಳಿ ಗೋಡೆಯ ಮೇಲೆ ಬರೆದಿಡಲಿ. ಮುಂದೆ ಕೆಟ್ಟಾಗ ಹೋಲಿಸಿ ನೋಡಲು ಆಗುವುದು. ನಮ್ಮಲ್ಲಿ ಋಣ 21 ಬಂದಿತು.

ಇಷ್ಟಾದರೂ ಸೊಸೆಯ ಕೋಣೆಯಲ್ಲಿ 14! ನಮ್ಮ ಎದೆ ಒಡೆಯಿತು. ಶಿಷ್ಯನು ನಕ್ಕು ಗೋಡೆಯನ್ನು ತಟ್ಟಿ ತೋರಿಸಿದನು. ನಮ್ಮ ತಂದೆಯವರು ಕಟ್ಟಿಸಿದ ಎರಡಡಿ ದಪ್ಪದ ಮಣ್ಣಿನ ಗೋಡೆ. ವೈಫೈಗೆ 2.4 ಎಂತಲೂ 5 ಎಂತಲೂ ಎರಡು ಅಲೆಗಳುಂಟು. ಐದರದು ವೇಗ ಹೆಚ್ಚು, ಗೋಡೆಯನ್ನು ದಾಟುವ ಶಕ್ತಿ ಕಡಿಮೆ. ಇನ್ನೊಂದರದು ಇದಕ್ಕೆ ವಿಪರೀತ. ಎರಡಡಿ ಮಣ್ಣಿನ ಮುಂದೆ ಎರಡೂ ಸೋತವು. ಆದ್ದರಿಂದ ಪೆಟ್ಟಿಗೆಯಿಂದ ಒಂದು ತಂತಿಯನ್ನು ಬಾಗಿಲ ಚೌಕಟ್ಟಿನ ಮೇಲಿಂದ ಎಳೆದು ನೇರವಾಗಿ ಅವಳ ಕಂಪ್ಯೂಟರಿಗೆ ಸಿಕ್ಕಿಸಿದರು. 94 ಬಂದಿತು, ಏರುವುದೂ ಅಷ್ಟೇ. ಸಂಪರ್ಕವನ್ನು ಪರೀಕ್ಷಿಸುವವರು ಮೊದಲು ಹೀಗೆ ತಂತಿ ಸಿಕ್ಕಿಸಿಯೇ ಅಳೆಯತಕ್ಕದ್ದು. ಇಲ್ಲವಾದರೆ ಗೋಡೆಯ ತಪ್ಪನ್ನು ಕಂಪನಿಯ ತಲೆಗೆ ಕಟ್ಟಿದಂತಾಗುವುದು. 300ರ ಯೋಜನೆಯನ್ನು ಕೊಳ್ಳುವವರು ತಮ್ಮ ಹಳೆಯ ಪೆಟ್ಟಿಗೆಯ ಕಿಂಡಿಯು 100ರದ್ದೇ ಆಗಿದೆಯೋ ಎಂದೂ ನೋಡಿಕೊಳ್ಳಲಿ. ಹಾಗಿದ್ದರೆ ಎಷ್ಟು ಹಣ ಕೊಟ್ಟರೂ ಅದಕ್ಕಿಂತ ಹೆಚ್ಚು ಅದರಲ್ಲಿ ದಾಟದು. ಅಮಿತವೆಂದು ಹೇಳುವ ಯೋಜನೆಗೂ ತಿಂಗಳಿಗೊಂದು ಮಿತಿಯಿರುವುದುಂಟು. ಅದು ಸಣ್ಣ ಅಕ್ಷರದಲ್ಲಿರುವುದು.

ಒಂಬತ್ತನೆಯ ದಿವಸದ ರಾತ್ರಿ ಎಂಟಕ್ಕೆ ಸೊಸೆಯು ಬಾಗಿಲನ್ನು ಹಾಕಿಕೊಂಡಳು. ನಾವೂ ಮನೆಯಾಕೆಯೂ ಒಳಕೋಣೆಯಲ್ಲಿ ಮಾತಿಲ್ಲದೆ ಕುಳಿತಿದ್ದೆವು. ಒಂಬತ್ತೂ ಕಾಲಕ್ಕೆ ಅವಳು ಹೊರಗೆ ಬಂದು, "ಅತ್ತೆ, ಮಾತ್ರೆ ತೆಗೆದುಕೊಂಡಿರಾ?" ಎಂದು ಕೇಳಿದಳು. ಸಭೆ ಹೇಗಾಯಿತೆಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಕ್ಟೋಬರಿನವರೆಗೆ ಅವಳು ಇಲ್ಲಿಯೇ ಇದ್ದಳು. ನಡುವೆ ಒಂದು ಬೆಳಗ್ಗೆ ಪೆಟ್ಟಿಗೆಯಲ್ಲಿ ಕೆಂಪು ದೀಪವು ಮಿನುಗಿತು. ಅಡಿಕೆಯ ಸೋಗೆಯೊಂದು ಬಿದ್ದು ಎಳೆಯು ಕಡಿದಿತ್ತು. ಮಧ್ಯಾಹ್ನದೊಳಗೆ ಶಿಷ್ಯನು ಬಂದು ಬೆಸೆದನು. ಕರೆಂಟು ಹೋಗುವ ನಮ್ಮ ಊರಿನಲ್ಲಿ ಪೆಟ್ಟಿಗೆಗೆಂದೇ ಸಣ್ಣದೊಂದು ಬ್ಯಾಟರಿಯನ್ನು ಇಡಬೇಕೆಂದೂ ಆಗಲೇ ಅವನು ಹೇಳಿದನು; ಇಟ್ಟಿದ್ದೇವೆ. ಮಾಳಿಗೆಯ ಮೇಲಿನ ಮುನ್ನೂರರ ಪೆಟ್ಟಿಗೆಯನ್ನು ಕಂಪನಿಯವರು ಇನ್ನೂ ಬಂದು ಒಯ್ದಿಲ್ಲ, ಅದರ ಕೆಳಗೆ ಗುಬ್ಬಿಯು ಗೂಡು ಕಟ್ಟಿದೆ.

ಕಾಗದ ಬರೆದ ಮಹಾಶಯರು ತಮ್ಮ ಮನೆಯಿಂದ ಹತ್ತಿರದ ಫೈಬರಿನ ಪೆಟ್ಟಿಗೆಗೆ ಎಷ್ಟು ಕಂಬಗಳಿವೆ, ನೆರೆಯವರಿಗೆ ರಾತ್ರಿ ಒಂಬತ್ತರಲ್ಲಿ ಏರುವುದೆಷ್ಟು ಇಳಿಯುವುದೆಷ್ಟು, ಗೋಡೆಗಳ ದಪ್ಪವೆಷ್ಟು ಎಂಬುದನ್ನು ಇನ್ನೊಂದು ಕಾಗದದಲ್ಲಿ ತಿಳಿಸಬೇಕಾಗಿ ಕೋರುತ್ತೇವೆ. ಆಗ ಒಂದೇ ಮಾತಿನ ಉತ್ತರಕ್ಕೆ ಪ್ರಯತ್ನಿಸುವೆವು.