ಲೆಕ್ಕ ಕೇಳಿದ್ರ ಸಿಟ್ಟ್ಯಾಕ?

ಹೋದ ಶುಕ್ರವಾರ ಸಂಜಿಮುಂದ ಕುಕ್ಕರ್ ಇಟ್ಟು ಕೊತ್ತಂಬರಿ ಸೋಸ್ಲಿಕ್ಕತ್ತಿದ್ದೆ. ನಮ್ಮ ಕಾಕೂನ ಫೋನ್ ಬಂತು. "ಸಂಘದ ವಿಭಾಗದ ಎಲೆಕ್ಷನ್ ಬಂತವಾ. ಈ ಸಲಾನೂ ನಾನ ನಿಲ್ಲೂದು. ಎದುರು ಯಾರೂ ಇಲ್ಲ, ಅವಿರೋಧ ಆಗ್ತದ. ಸೂಚಕರ ಜಾಗಾದಾಗ ನಿಂದೊಂದು ಸಹಿ ಬೇಕು" ಅಂದ್ರು. ಬ್ಯಾರೆ ಯಾವಾಗರೆ ಆಗಿದ್ರ "ಹೂಂ ಕಾಕೂ" ಅಂದು ಫೋನ್ ಇಡ್ತಿದ್ದೆ. ಈ ಸಲ ಹೂಂ ಬಾಯಿಗೆ ಬರ್ಲಿಲ್ಲ.

ನಮ್ಮದು ಕಸೂತಿ ಹಾಕೋರ ಹವ್ಯಾಸಿ ಸಂಘ. ನಿಮ್ಮೊಳಗೂ ಸದಸ್ಯರು ಭಾಳ ಮಂದಿ ಇದ್ದೀರಿ, ಹೆಸರು ಹೇಳೂದು ಬ್ಯಾಡ. ಕಾಕೂ ಆರು ವರ್ಷದಿಂದ ನಮ್ಮ ವಿಭಾಗದ ಅಧ್ಯಕ್ಷರು. ನನಗ ಮೊದಲನೇ ಗಾವಂತಿ ಹೊಲಿಗಿ ಕಲಿಸಿದೋರು ಅವರ. ಇಳಕಲ್ ಸೀರಿ ಸೆರಗಿನ ಮ್ಯಾಲೆ ಎಳಿ ಎಣಿಸಿ ತೇರು, ಆನಿ, ಗೋಪುರ ಹೆಂಗ ತುಂಬೂದು ಅಂತ ಎಷ್ಟೋ ಹುಡುಗ್ಯಾರಿಗೆ ಪುಕ್ಕಟ ಹೇಳಿಕೊಟ್ಟಾರ. ಅವರು ಸಂಘದ ಒಂದ್ ರೂಪಾಯಿ ತಿಂದಾರ ಅಂತ ನಾ ಹೇಳೂದಿಲ್ಲ, ಹಂಗ ನನಗ ಅನಿಸೂದೂ ಇಲ್ಲ. ಆದ್ರ ಎರಡು ವರ್ಷದ ಪ್ರದರ್ಶನದ ಲೆಕ್ಕ ಸಭಾದಾಗ ಓದಿಲ್ಲ. ಇದೂ ಖರೇನ.

ಇದರಾಗ ನಂದೂ ತಪ್ಪದ. ಮೊದಲಿನ ಮೂರು ವರ್ಷ ನಾನ ಸಹಕಾರ್ಯದರ್ಶಿ ಇದ್ದೆ. ಜಮಾ-ಖರ್ಚಿನ ಹಾಳಿ ಮುಂದಿಟ್ರ, ಒಂದ್ ಕೈಯಾಗ ಚಹಾ ಹಿಡಕೊಂಡು ಓದಲಾರದ ಸಹಿ ಹಾಕೀನಿ. ಹಾಲಿನವ ಅರ್ಧ ಲೀಟರ್ ಹೆಚ್ಚು ಬರದ್ರ ತಿಂಗಳ ಕಡಿಗೆ ಹಿಡದು ಕೇಳೋ ನಾನು, ಮಂದಿ ರೊಕ್ಕದ ಮುಂದ ಕಣ್ಣ್ ಮುಚ್ಚಿದೆ. ಯಾಕ? ಕೇಳಿದ್ರ ಕಾಕೂಗ ಬ್ಯಾಸರಾಗ್ತದ ಅಂತ.

"ಹವ್ಯಾಸದ ಸಂಘ ಅದ, ಸಕ್ಕರಿ ಕಾರ್ಖಾನಿ ಎಲೆಕ್ಷನ್ ಮಾಡಿದಂಗ ಮಾಡ್ತೀಯಲ್ಲ" ಅಂತ ನಮ್ಮ ವೈನಿ ನಕ್ರು. ಸಣ್ಣ ಸಂಘ ಖರೆ. ಆದ್ರ ವಿಭಾಗದ ಅಧ್ಯಕ್ಷರ ಕೈಯಾಗ ಏನೇನದ ನೋಡ್ರಿ. ಪ್ರದರ್ಶನದಾಗ ಯಾರ ಮಳಿಗಿ ಎಲ್ಲಿ, ಬೆಂಗಳೂರಿನ ಪ್ರದರ್ಶನಕ್ಕ ಯಾರ ಸೀರಿ ಕಳಸೂದು, ತರಬೇತಿಗೆ ಯಾರನ್ನ ಕರಿಯೂದು, ಎಲ್ಲಾ ಅವರ ಬರೀತಾರ. ಹೋದ ವರ್ಷ ಕಲಘಟಗಿ ಕಡೆ ಹಳ್ಳಿಯಿಂದ ಒಬ್ಬಾಕಿ ಬಗಲಾಗ ಕೂಸು ಕಟಗೊಂಡು ಬಸ್ಸಿನ್ಯಾಗ ಬಂದಿದ್ಲು. ನಮ್ಮಂಗ ಅಕಿನೂ 500 ರೂಪಾಯಿ ಮಳಿಗಿ ಶುಲ್ಕ ತುಂಬಿದ್ಲು. ಜಾಗಾ ಸಿಕ್ಕಿದ್ದು ವೇದಿಕಿ ಹಿಂದ. ಎರಡು ದಿವಸ ಯಾರೂ ಆ ಕಡೆ ಹಾಯಲಿಲ್ಲ. "ಜಾಗಾ ಹೆಂಗ ಹಂಚಿದ್ರಿ ಅಕ್ಕಾರ?" ಅಂತ ಅಕಿ ಕೇಳಿದ್ಲು. "ಕಮಿಟಿ ತೀರ್ಮಾನ" ಅಂದ್ರು. ಅಷ್ಟ. ಈ ವರ್ಷ ಅಕಿ ಸದಸ್ಯತ್ವ ಮುಂದುವರಿಸಿಲ್ಲ. ನಮ್ಮೆಲ್ಲಾರಕಿಂತ ಛಲೋ ಕೈ ಇತ್ತು ಅಕಿದು. ನನಗ ಹೂಂ ಬರ್ಲಾರದ್ದು ಅದಕ್ಕ.

ನಮ್ಮ ಕಡೆ ಅವಿರೋಧ ಆಯ್ಕೆ ಅಂದ್ರ ದೊಡ್ಡ ಮಾನ. ಹಾರ ಹಾಕಿ ಫೋಟೋ ತಗಸ್ತೀವಿ. ನನಗೀಗ ಅನಸೂದ ಏನಂದ್ರ, ಎದುರು ಒಬ್ರು ನಿಂತ್ರ ಮೂರು ವರ್ಷ ಏನ್ ಮಾಡಿದ್ರಿ ಅಂತ ಹೇಳಬೇಕಾಗ್ತದ. ಯಾರೂ ನಿಲ್ಲಲಿಲ್ಲಾ, ಹೇಳೂ ಪ್ರಸಂಗನ ಬರೂದಿಲ್ಲ. ನಾವು ಜಗಳ ತಪ್ಪಿಸಿದ್ವಿ ಅಂದ್ಕೋತೀವಿ, ತಪ್ಪಿಸಿದ್ದು ಪ್ರಶ್ನಿ.

ನಮ್ಮ ಮನಿ ಭಾಂಡಿ ತಿಕ್ಕಲಿಕ್ಕೆ ಬರೋ ಅಕ್ಕ ಸ್ತ್ರೀಶಕ್ತಿ ಸಂಘದಾಗ ಇದ್ದಾಳ. 2000-01ರಾಗ ಸರ್ಕಾರ ಶುರು ಮಾಡಿದ ಆ ಯೋಜನಾದಾಗಿಂದ. ವಾರಕ್ಕೊಮ್ಮೆ ಕೂತು ಯಾರು ಎಷ್ಟು ಕಟ್ಟಿದ್ರು, ಯಾರಿಗೆ ಸಾಲ ಕೊಟ್ಟದ್ದು, ಎಷ್ಟು ತಿರುಗಿ ಬಂತು, ಎಲ್ಲಾ ಎಲ್ಲಾರ ಮುಂದ ಓದ್ತಾರಂತ. "ಓದಿದ್ರ ಅಧ್ಯಕ್ಷರಿಗೆ ಸಿಟ್ಟು ಬರೂದಿಲ್ಲೇನು?" ಅಂದೆ. "ಸಿಟ್ಯಾಕ ಬರ್ತದ್ರೀ, ಓದದಿದ್ರ ನಮಗ ಸಿಟ್ಟು ಬರ್ತದ" ಅಂದ್ಲು. ಶಾಣ್ಯಾರು ಅಂತ ತಿಳಕೊಂಡ ನಮಗ ಇಷ್ಟು ಬುದ್ಧಿ ಇಲ್ಲ.

ಕಾಯ್ದಾದಾಗೂ ಇದು ಹೊಸಾದಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರದು. ನೋಂದಣಿ ಆದ ಸಂಘ ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭಾ ಕರೀಬೇಕು, ಪದಾಧಿಕಾರಿಗಳ ಪಟ್ಟಿ ಮತ್ತ ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿಗೆ ಕೊಡಬೇಕು. ಸದಸ್ಯರೊಳಗ ಮೂರರಾಗ ಒಂದ್ ಪಾಲು ಮಂದಿ ಅರ್ಜಿ ಕೊಟ್ರ ವಿಚಾರಣಿ ನಡಸಲಿಕ್ಕೆ ಬರ್ತದ. ಅಲ್ಲೀತನಾ ಹೋಗೂದು ಯಾರಿಗೂ ಬ್ಯಾಡ. ಅದಕ್ಕ ಮನಿ ಮಾತು ಮನ್ಯಾಗ ಇರೂ ಮುಂದನ ಕೇಳೂಣು ಅಂತೀನಿ. ಅಷ್ಟು ರೊಕ್ಕದ ಕ್ರಿಕೆಟ್ ಮಂಡಳಿಗೂ ಒಬ್ರ ಕುರ್ಚಿ ಹಿಡಕೊಂಡು ಕೂಡಬಾರದು ಅಂತ ಲೋಧಾ ಸಮಿತಿ ಹೇಳಬೇಕಾತು, 2016ರಾಗ ಸುಪ್ರೀಂ ಕೋರ್ಟ್ ಅದರ ಬಹಳಷ್ಟು ಶಿಫಾರಸು ಒಪ್ಪಬೇಕಾತು. ದೊಡ್ಡವರಿಗೆ ಬೇಕಾದ ಶಿಸ್ತು ಸಣ್ಣವರಿಗೂ ಬೇಕು.

ನಾ ಕಾಕೂಗ ಹೇಳಿದ್ದು ಇಷ್ಟ. "ಸಹಿ ಹಾಕ್ತೀನಿ, ಆದ್ರ ಮೊದಲ ಮೂರು ಮಾತು ಸಭಾದಾಗ ಹೇಳ್ರಿ. ಎರಡು ವರ್ಷದಾಗ ಎಷ್ಟು ಬಂತು, ಎಷ್ಟು ಹೋತು. ಮಳಿಗಿ ಇನ್ನ ಮುಂದ ಎಲ್ಲಾರ ಮುಂದ ಚೀಟಿ ಎತ್ತಿ ಕೊಡ್ತೀರೋ ಇಲ್ಲೋ. ಮುಂದಿನ ಸಲ ಬ್ಯಾರೆಯವರನ್ನ ತಯಾರು ಮಾಡ್ತೀರೋ ಇಲ್ಲೋ." ಕಾಕೂ ಒಂದ್ ಗಳಿಗಿ ಸುಮ್ನಿದ್ರು. ಆಮ್ಯಾಲೆ "ನೀನೂ ಹಿಂಗ ಅಂದಿ?" ಅಂದು ಫೋನ್ ಇಟ್ರು. ಇವತ್ತಿಗೆ ಐದು ದಿವಸಾತು. ದಿನಾ ಮುಂಜಾನೆ ಬರ್ತಿದ್ದ ಫೋನ್ ಬಂದಿಲ್ಲ. ಮನಸ್ಸಿಗೆ ಕಸಿವಿಸಿ ಆಗ್ತದ. ಆದ್ರ ಹೇಳಿದ ಮಾತು ವಾಪಸ್ ತಗೊಳ್ಳೂದಿಲ್ಲ.

ಯಾಕಂದ್ರ ಇದನ್ನ ನನಗ ಕಲಿಸಿದೋರೂ ಕಾಕೂನ. ಮೊದಲನೇ ದಿನ ಸೂಜಿ ಕೈಗೆ ಕೊಟ್ಟು ಹೇಳಿದ್ರು, ಗಾವಂತಿ ಮುಂದ ಹೆಂಗ ಕಾಣ್ತದೋ ಹಿಂದನೂ ಹಂಗ ಕಾಣಬೇಕು, ಎಲ್ಲೂ ಗಂಟು ಹಾಕಬಾರದು. ಅವತ್ತು ನಾ ಹಾಕಿದ ಗಂಟು ಬಿಚ್ಚಿಸಿ ಮತ್ತ ಹೊಲಿಸಿದ್ರು. ನನಗ ಅಳು ಬಂದಿತ್ತು, ಆದ್ರ ಸಿಟ್ಟು ಬಂದಿರಲಿಲ್ಲ.

ಸಭಾ ಬರೋ ಭಾನುವಾರ ಅದ. ಮಧ್ಯಾಹ್ನದ ಅಡಗಿ ಮುಂಜಾನೆ ಮುಗಿಸಿ ಬರ್ರಿ. ಲೆಕ್ಕ ಓದ್ರಿ ಅಂತ ನಾ ಎದ್ದು ನಿಂತು ಕೇಳಾಕಿ. ನಾ ಒಬ್ಬಾಕೀನ ಕೇಳಿದ್ರ ಅದು ಕಾಕೂ ಮ್ಯಾಲಿನ ಸಿಟ್ಟಿನಂಗ ಕಾಣ್ತದ. ಹತ್ತು ಮಂದಿ ಕೇಳಿದ್ರ ಅದು ಸಂಘದ ಪದ್ಧತಿ ಆಗ್ತದ.