ನೆಮೋ ಬರಲಿ, ಡೋರಿ ಬೇಡ

ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಬರೀರಿ ಅಂತ ಈ ತಿಂಗಳು ಎರಡು ಪತ್ರ ಬಂದಿವೆ. ಎರಡೂ ಘಟ್ಟದ ಮೇಲಿನ ಊರುಗಳಿಂದಲೇ. ಶಿಕಾರಿಪುರದವರೊಬ್ಬರು ಹೊಸ ಮನೆ ಕಟ್ಟಿಸಿದ್ದಾರೆ, ಹಾಲ್‌ನಲ್ಲಿ ಮೂರಡಿ ಟ್ಯಾಂಕ್ ಇಡಬೇಕಂತೆ. ಮಗಳು ಪಟ್ಟಿ ಬರೆದು ಕೊಟ್ಟಿದ್ದಾಳೆ: ನೆಮೋ, ಡೋರಿ, ಒಂದು ಕಡಲಕುದುರೆ, ಒಂದು ಸ್ಟಾರ್ ಫಿಶ್. ಇದರಲ್ಲಿ ಯಾವುದನ್ನು ತರಬಹುದು ಅನ್ನೋದು ಅವರ ಪ್ರಶ್ನೆ.

ಸೊರಬದವರ ಪತ್ರ ಬೇರೆ ಥರ. ಅವರ ಮನೆಗೆ ಟ್ಯಾಂಕ್ ಬಂದಾಗಿದೆ. ಅಂಗಡಿಯವರು ಟ್ಯಾಂಕಿನ ಜೊತೆಗೇ ಏಳು ಮೀನು ಕೊಟ್ಟು ಕಳಿಸಿದ್ದರು. ಒಂಬತ್ತನೇ ದಿನಕ್ಕೆ ಒಂದೂ ಉಳಿಯಲಿಲ್ಲ. ಈಗ ಮಗ ಆ ಕಡೆ ತಿರುಗಿಯೂ ನೋಡಲ್ಲವಂತೆ. "ನೀರು ಕನ್ನಡಿ ಥರ ಇತ್ತು. ನಮ್ಮ ಕೈಗುಣವೇ ಸರಿ ಇಲ್ವಾ?" ಅಂತ ಕೇಳಿದ್ದಾರೆ.

ಕೈಗುಣದ ಮಾತೇ ಬೇಡ. ಎರಡೂ ಮನೆಗೆ ಉತ್ತರ ಒಂದೇ. ಮೀನನ್ನು ಬಣ್ಣ ನೋಡಿ ಆರಿಸಬಾರದು, ನಮ್ಮ ಟ್ಯಾಂಕಿಗೆ ಎಷ್ಟು ಮೀನು ಹೊರುವ ಶಕ್ತಿ ಇದೆ, ಅದು ಯಾವಾಗ ಬರುತ್ತದೆ ಅಂತ ನೋಡಿ ಆರಿಸಬೇಕು. ಪಟ್ಟಿಯ ಮೊದಲನೇ ಸಾಲಿನಲ್ಲಿ ಬರೆಯಬೇಕಾದದ್ದು ಮೀನಿನ ಹೆಸರಲ್ಲ, ತಾರೀಖು.

ಮೊದಲು ಹೆಪ್ಪು, ಆಮೇಲೆ ಮೀನು

ಮೀನು ಕಿವಿರಿನಿಂದಲೂ ಹಿಕ್ಕೆಯಿಂದಲೂ ಅಮೋನಿಯಾ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ. ನೀರು ಕನ್ನಡಿಯ ಹಾಗೆ ಕಾಣುತ್ತಿದ್ದರೂ ಒಳಗೆ ವಿಷ ಏರುತ್ತಿರಬಹುದು. ಸಮುದ್ರದಲ್ಲಿ, ಹಳೆಯ ಟ್ಯಾಂಕಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಎರಡೂ ಇರುವುದಿಲ್ಲ. ಸೊರಬದ ಏಳು ಮೀನುಗಳು ಹೋದದ್ದು ಬಹುಮಟ್ಟಿಗೆ ಇದರಿಂದಲೇ.

ಹಾಲಿಗೆ ಹೆಪ್ಪು ಹಾಕಿ ಕಾಯ್ತೀವಲ್ಲ, ಇದೂ ಹಾಗೇ. ಟ್ಯಾಂಕಿಗೆ ಉಪ್ಪುನೀರು, ಮರಳು, ಕಲ್ಲು ಹಾಕಿ ಪಂಪ್ ಚಾಲೂ ಮಾಡಿ, ಮಾರ್ಕೆಟ್ಟಿನಿಂದ ತಂದ ಹಸಿ ಸಿಗಡಿಯ ಒಂದು ತುಂಡು ಹಾಕಿಡಿ. ಅದು ಕೊಳೆತು ಅಮೋನಿಯಾ ಬರುತ್ತದೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ ಏರಿ ಇಳಿಯುವುದು ಕಾಣುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನಿಲ್ಲಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಖಾಲಿ ಟ್ಯಾಂಕನ್ನೇ ನೋಡ್ತಾ ಕೂರಬೇಕು. ಮಕ್ಕಳಿಗೆ ಬೇಜಾರು ಬರುತ್ತದೆ. ಟೆಸ್ಟ್ ಮಾಡಿ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸವನ್ನು ಅವರಿಗೇ ಕೊಡಿ. ಸಾಫ್ಟ್‌ವೇರ್‌ನಲ್ಲಿ ಜನರನ್ನು ಒಳಗೆ ಬಿಡುವ ಮೊದಲು ಸರ್ವರ್ ಎಷ್ಟು ಹೊರುತ್ತದೆ ಅಂತ ಪರೀಕ್ಷೆ ಮಾಡ್ತೀವಿ. ಇಲ್ಲಿ ಆ ಪರೀಕ್ಷೆ ಮಾಡುವುದು ಸಿಗಡಿ ತುಂಡು, ಅಷ್ಟೇ ವ್ಯತ್ಯಾಸ.

ಮೂರಡಿಯ ಲೆಕ್ಕ

ಟ್ಯಾಂಕ್ 90 ಸೆಂ.ಮೀ. ಉದ್ದ, 40 ಅಗಲ, 45 ಎತ್ತರ ಇದೆ ಅಂದುಕೊಳ್ಳಿ. ಗುಣಿಸಿದರೆ 162 ಲೀಟರ್. ಕಲ್ಲು, ಮರಳು, ಮೇಲೆ ಬಿಡುವ ಖಾಲಿ ಜಾಗ ಕಳೆದರೆ ನಿಜವಾಗಿ ಹಿಡಿಯುವ ನೀರು ಸುಮಾರು 130 ಲೀಟರ್. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಮೊದಲ ಸಲಕ್ಕೆ ನಾಲ್ಕೂವರೆ ಕೆ.ಜಿ. ಉಪ್ಪು ಬೇಕು. ಅಡುಗೆ ಉಪ್ಪು ಆಗಲ್ಲ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಇರುತ್ತದೆ, ಅದಕ್ಕೆಂದೇ ಮಾಡಿದ ಮರೈನ್ ಸಾಲ್ಟ್ ಸಿಗುತ್ತದೆ. ಅದನ್ನು ಆರ್‌ಒ ನೀರಿನಲ್ಲಿ ಕಲಸಿ, ಸಾಂದ್ರತೆ ಅಳೆಯುವ ಉಪಕರಣದಲ್ಲಿ 1.025ರ ಹತ್ತಿರಕ್ಕೆ ತರಬೇಕು. ಉಷ್ಣಾಂಶ 25ರಿಂದ 27 ಡಿಗ್ರಿ. ನಮ್ಮ ಮಳೆಗಾಲದ ರಾತ್ರಿಗಳಿಗೆ ಹೀಟರ್ ಬೇಕು, ಏಪ್ರಿಲ್‌ನಲ್ಲಿ ನೀರಿನ ಮೇಲೆ ಬೀಸುವ ಫ್ಯಾನ್ ಬೇಕು. ನೀರು ಆರಿದಾಗ ಉಪ್ಪು ಒಳಗೇ ಉಳಿಯುತ್ತದೆ, ಹಾಗಾಗಿ ಕಡಿಮೆಯಾದಷ್ಟಕ್ಕೆ ಸಿಹಿನೀರು ಮಾತ್ರ ಸೇರಿಸಿ. ವಾರಕ್ಕೆ ಹತ್ತನೇ ಒಂದು ಭಾಗ, ಅಂದರೆ 13 ಲೀಟರ್, ಉಪ್ಪುನೀರು ಬದಲಿಸಬೇಕು.

ಹೊನ್ನಾವರದಿಂದ ಸಮುದ್ರದ ನೀರೇ ತರಬಹುದಲ್ವಾ ಅಂತ ಕೇಳುವವರಿದ್ದಾರೆ. ಅಲ್ಲಿ ಶರಾವತಿ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ದಡದ ನೀರಿನಲ್ಲಿ ಉಪ್ಪಿಗಿಂತ ಕೆಸರೇ ಜಾಸ್ತಿ. ಪ್ರತಿ ವಾರ ಘಟ್ಟ ಇಳಿದು ಹತ್ತುವುದೂ ಆಗದ ಮಾತು.

ನಮ್ಮ ಕಡೆಯವರಿಗೆ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ತಾಮ್ರ ಸಿಗಡಿ, ಬಸವನಹುಳುಗಳಿಗೆ ಕಡು ವಿಷ. ತಾಮ್ರದ ಹಂಡೆ, ಕೊಡದಲ್ಲಿ ಟ್ಯಾಂಕಿನ ನೀರು ಹಿಡಿಯಬೇಡಿ. ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ಹೊಡೀತೀವಲ್ಲ, ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಆ ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಔಷಧಿ ಕಲಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಟ್ಯಾಂಕಿನ ಕೆಲಸಕ್ಕೆ ಬೇಡ. ತೋಟದಿಂದ ಬಂದ ಕೈಯನ್ನು ಚೆನ್ನಾಗಿ ತೊಳೆಯದೆ ನೀರಿಗೆ ಹಾಕಲೂಬಾರದು.

ಕರೆಂಟಿನ ವಿಷಯ

ಬೇಸಿಗೆಯಲ್ಲಿ ಕೆರೆಬೇಟೆಗೆ ಇಳಿದವರಿಗೆ ಗೊತ್ತು, ಕೆಸರಿನಲ್ಲಿ ಕೂಣಿಗೆ ಸಿಕ್ಕ ಕೊರವ ದಡಕ್ಕೆ ಹಾಕಿದ ಮೇಲೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಅದು ಮೇಲಿನ ಗಾಳಿಯನ್ನೇ ಉಸಿರಾಡಬಲ್ಲದು. ಹವಳದ ದಿಬ್ಬದ ಮೀನಿಗೆ ಆ ಶಕ್ತಿ ಇಲ್ಲ. ಅಲೆ ಹೊಡೆಯುವ, ಗಾಳಿ ತುಂಬಿದ ನೀರಿನಲ್ಲಿ ಬೆಳೆದದ್ದು ಅದು. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದಿದ್ದರೆ, ಅದೇ 130 ಲೀಟರಿನಲ್ಲಿ ಐದು ಸಣ್ಣ ಮೀನು ಬೆಳಗಿನವರೆಗೆ ತಡೆದುಕೊಂಡಾವು, ಹನ್ನೆರಡು ತಡೆಯಲಾರವು. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ, ಇನ್ವರ್ಟರ್ ಇದ್ದರೆ ಪಂಪನ್ನು ಅದಕ್ಕೆ ಸೇರಿಸಿ. ಮೀನಿನ ಸಂಖ್ಯೆಯನ್ನು ಮಾತ್ರ ಕರೆಂಟ್ ಇಲ್ಲದ ರಾತ್ರಿಯನ್ನು ನೆನಪಿಟ್ಟುಕೊಂಡೇ ತೀರ್ಮಾನ ಮಾಡಿ.

ಮಗಳ ಪಟ್ಟಿಗೆ ಬರೋಣ

ನೆಮೋ: ಹೌದು. ಕಿತ್ತಳೆ-ಬಿಳಿ ಪಟ್ಟಿಯ ಕ್ಲೌನ್ ಮೀನು ಹೆಚ್ಚೆಂದರೆ ಎಂಟೊಂಬತ್ತು ಸೆಂ.ಮೀ. ಬೆಳೆಯುತ್ತದೆ. ದೂರ ದೂರ ಈಜುವ ಚಟ ಇಲ್ಲ, ಒಂದು ಮೂಲೆ ಹಿಡಿದರೆ ಅದೇ ಮನೆ. ಮುಖ್ಯವಾಗಿ, ಇದು ಹ್ಯಾಚರಿಯಲ್ಲಿ ಹುಟ್ಟುವ ಮೀನು. ಕೊಚ್ಚಿಯಲ್ಲಿ ಕೇಂದ್ರ ಕಚೇರಿ, ಕಾರವಾರದಲ್ಲೂ ಕೇಂದ್ರ ಇರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಹ್ಯಾಚರಿ ಮರಿ ಟ್ಯಾಂಕಿನಲ್ಲೇ ಹುಟ್ಟಿದ್ದರಿಂದ ಒಣ ಆಹಾರ ತಿನ್ನುತ್ತದೆ, ಸಮುದ್ರದಿಂದ ಯಾವ ಮೀನನ್ನೂ ಕದ್ದ ಹಾಗಾಗಲ್ಲ. ಎರಡು ಸಣ್ಣ ಮರಿ ತನ್ನಿ, ಒಂದು ಸ್ವಲ್ಪ ದೊಡ್ಡದಿರಲಿ. ಕ್ಲೌನ್ ಮೀನುಗಳು ಮೊದಲು ಗಂಡಾಗಿಯೇ ಬೆಳೆಯುತ್ತವೆ, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. 2003ರ ಸಿನಿಮಾದಲ್ಲಿ ತಾಯಿ ಸತ್ತ ಮೇಲೆ ಅಪ್ಪ ನೆಮೋನನ್ನು ಹುಡುಕಿಕೊಂಡು ಹೋಗುತ್ತಾನೆ. ನಿಜವಾದ ಸಮುದ್ರದಲ್ಲಾದರೆ ಅಷ್ಟರಲ್ಲಿ ಆ ಅಪ್ಪನೇ ಅಮ್ಮ ಆಗಿರುತ್ತಿದ್ದ! ಅನಿಮೋನ್ ತರಲೇಬೇಕು ಅಂತೇನಿಲ್ಲ. ಅದಕ್ಕೆ ಬಲವಾದ ಬೆಳಕು, ಹಳೆಯ ಟ್ಯಾಂಕು ಬೇಕು, ಅದಿಲ್ಲದೆಯೂ ಕ್ಲೌನ್ ಸುಖವಾಗಿರುತ್ತದೆ. ಒಂದು ನೆನಪಿಡಿ: ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಯುಕೆಜಿಯ ಮಗು ಕಾಲೇಜಿಗೆ ಹೋಗುವವರೆಗೆ ಇದರ ಜವಾಬ್ದಾರಿ ನಿಮ್ಮದು.

ಡೋರಿ: ಬೇಡ. ಅಂಗಡಿಯಲ್ಲಿ ಎರಡಿಂಚು ಇರುವ ನೀಲಿ ಟ್ಯಾಂಗ್ ಮೀನು ಒಂದಡಿಯವರೆಗೆ ಬೆಳೆಯುತ್ತದೆ, ದಿನವಿಡೀ ಈಜುವ ಜಾತಿ. ಆರಡಿ ಟ್ಯಾಂಕ್ ಇಲ್ಲದಿದ್ದರೆ ಆ ಆಸೆ ಬಿಡಿ. ಮಾರಾಟಕ್ಕೆ ಬರುವುದರಲ್ಲಿ ಬಹುಪಾಲು ಸಮುದ್ರದಿಂದ ಹಿಡಿದದ್ದೇ.

ಕಡಲಕುದುರೆ: ಬೇಡವೇ ಬೇಡ. ಕಡಲಕುದುರೆ ಮತ್ತು ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 2001ರಿಂದ ರಕ್ಷಣೆ ಇದೆ. ಹಿಡಿಯುವುದು, ಮಾರುವುದು ಅಪರಾಧ. "ಎಲ್ಲರೂ ತಗೋತಾರೆ ಸಾರ್" ಅಂತ ಹೇಳಿದರೂ ತಗೋಬೇಡಿ. ಅಲಂಕಾರಕ್ಕೂ ಹವಳದ ತುಂಡು ಬೇಡ. ಸೆರಾಮಿಕ್‌ನಿಂದ ಮಾಡಿದ, ತೂತು ತೂತಾದ ಕಲ್ಲು ಸಿಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಮನೆ.

ಸ್ಟಾರ್ ಫಿಶ್: ಬೇಡ. ಹೊಸ ಟ್ಯಾಂಕಿನ ಮರಳಿನಲ್ಲಿ ಅದಕ್ಕೆ ತಿನ್ನಲು ಏನೂ ಇರಲ್ಲ, ತಿಂಗಳುಗಟ್ಟಲೆ ಉಪವಾಸ ಬಿದ್ದು ಸಾಯುತ್ತದೆ. ಕಣ್ಣು ಕುಕ್ಕುವ ಮ್ಯಾಂಡರಿನ್ ಮೀನಿನ ಕಥೆಯೂ ಇದೇ, ಕಲ್ಲಿನ ಮೇಲಿನ ಜೀವಂತ ಸೂಕ್ಷ್ಮ ಜೀವಿಗಳನ್ನು ಬಿಟ್ಟು ಬೇರೆ ತಿನ್ನುವುದು ಅಪರೂಪ. ಲಯನ್ ಫಿಶ್‌ಗೆ ವಿಷದ ಮುಳ್ಳು, ಮೇಲಾಗಿ ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ.

ಹಾಗಾದರೆ ನೆಮೋ ಜೊತೆಗೆ ಯಾರು? ನನ್ನ ಆಯ್ಕೆ ಮೂರು. ಒಂದು, ವಾಚ್‌ಮನ್ ಗೋಬಿ. ಮರಳಿನ ಬಿಲದ ಬಾಗಿಲಲ್ಲಿ ಕೂತು ಕಾಯುವ ಮೀನು. ಪಿಸ್ತೂಲ್ ಸಿಗಡಿ ಸಿಕ್ಕರೆ ಜೊತೆಗೆ ತನ್ನಿ. ಕಣ್ಣು ಸರಿಯಾಗಿ ಕಾಣದ ಸಿಗಡಿ ಬಿಲ ತೋಡುತ್ತದೆ, ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಹೊರಬರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅಲುಗಿಸುತ್ತದೆ, ಇಬ್ಬರೂ ಒಳಗೆ. ಮಕ್ಕಳು ಗಂಟೆಗಟ್ಟಲೆ ನೋಡುವುದು ಇದನ್ನೇ. ಎರಡು, ಫೈರ್ ಫಿಶ್. ಬಿಳಿ ಮೈ, ಕೆಂಪು ಬಾಲ, ಬಹಳ ಪುಕ್ಕಲು. ಬೆದರಿದರೆ ಹಾರಿ ನೆಲಕ್ಕೆ ಬೀಳುತ್ತದೆ, ಟ್ಯಾಂಕಿನ ಮೇಲೆ ಸಣ್ಣ ಕಣ್ಣಿನ ಬಲೆ ಮುಚ್ಚಲೇಬೇಕು. ಮೂರು, ಬಂಗ್ಗಾಯ್ ಕಾರ್ಡಿನಲ್. ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಮೀನು. ಗಂಡು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ವಾರಗಟ್ಟಲೆ ಏನೂ ತಿನ್ನದೆ ಕಾಯುತ್ತದೆ. ಅಕ್ವೇರಿಯಂಗೆಂದೇ ವಿಪರೀತ ಹಿಡಿದು ಕಾಡಿನ ಸಂತತಿ ಅಳಿವಿನ ಅಪಾಯಕ್ಕೆ ಬಂದಿದೆ, ಹಾಗಾಗಿ ಹ್ಯಾಚರಿಯದ್ದು ಸಿಕ್ಕರೆ ಮಾತ್ರ ತನ್ನಿ.

ನೀಲಿ ಡ್ಯಾಮ್ಸೆಲ್ ಅಗ್ಗ, ಗಟ್ಟಿ ಜೀವ. ಅದಕ್ಕೇ ಅಂಗಡಿಯಲ್ಲಿ ಮೊದಲು ತೋರಿಸುವುದು ಅದನ್ನು. ಆದರೆ ಬಸ್ಸಿನಲ್ಲಿ ಕಿಟಕಿಯಿಂದಲೇ ಟವೆಲ್ ಹಾಕಿ ಸೀಟು ಹಿಡಿಯುವವರನ್ನು ನೋಡಿದ್ದೀರಲ್ಲ, ಆ ಜಾತಿ. ಮೊದಲು ಹೋದರೆ ಇಡೀ ಟ್ಯಾಂಕ್ ತನ್ನದು ಅನ್ನುತ್ತದೆ, ಆಮೇಲೆ ಬಂದವರನ್ನು ಕಚ್ಚಿ ಓಡಿಸುತ್ತದೆ. ಇದರಿಂದಲೇ ಸಾಲಿನ ನಿಯಮ ಹುಟ್ಟಿದ್ದು: ಪುಕ್ಕಲು ಮೊದಲು, ಜೋರಿನವರು ಕೊನೆಗೆ.

ಕೊಳ್ಳುವಾಗ, ತರುವಾಗ

ಅಂಗಡಿಯಲ್ಲಿ ಒಂದೇ ಮಾತು ಕೇಳಿ: "ಇದು ತಿನ್ನೋದನ್ನ ತೋರಿಸ್ರಿ." ತಿನ್ನದ ಮೀನನ್ನು ತರಬೇಡಿ. ಫಿಲಿಪೈನ್ಸ್, ಇಂಡೋನೇಷ್ಯಾ ಕಡೆ ಸೈನೈಡ್ ಚಿಮುಕಿಸಿ ಮತ್ತು ಬರಿಸಿ ಹಿಡಿಯುವ ಕೆಟ್ಟ ಪದ್ಧತಿ ಬಹಳ ಕಾಲದಿಂದ ಇದೆ. ಅಂಥ ಮೀನು ನೋಡಲು ಚೆನ್ನಾಗೇ ಇದ್ದು ಕೆಲವು ದಿನಗಳಲ್ಲಿ ಹೋಗಿಬಿಡಬಹುದು. ಕಾಯಿಸಿ, ವಾರ ಬಿಟ್ಟು ಹೋಗಿ ನೋಡಿ, ಇನ್ನೂ ತಿನ್ನುತ್ತಿದ್ದರೆ ತನ್ನಿ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಕವರನ್ನು ಮೊದಲು ಮುಚ್ಚಿದ ಹಾಗೇ ನೀರಿನಲ್ಲಿ ತೇಲಿಬಿಟ್ಟು ಉಷ್ಣಾಂಶ ಸರಿ ಮಾಡಿ. ಬಿಚ್ಚಿದ ಮೇಲೆ ತಡ ಬೇಡ. ಕವರ್ ತೆರೆದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ದಾರಿಯಲ್ಲಿ ಸೇರಿದ ಅಮೋನಿಯಾದ ವಿಷ ಜೋರಾಗುತ್ತದೆ. ಆ ಕವರಿನ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಸಾಧ್ಯವಾದರೆ ಪ್ರತಿ ಹೊಸ ಮೀನನ್ನೂ ಬೇರೆ ಸಣ್ಣ ಟ್ಯಾಂಕಿನಲ್ಲಿ ನಾಲ್ಕು ವಾರ ಇಟ್ಟು, ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬರುತ್ತದೆಯೇ ನೋಡಿ. ಆ ರೋಗ ದೊಡ್ಡ ಟ್ಯಾಂಕಿಗೆ ಹೊಕ್ಕರೆ ಬಿಡಿಸುವುದು ಕಷ್ಟ.

ಸಾಕಾಯಿತು ಅನ್ನಿಸಿದರೆ ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಿ. ಸಮುದ್ರದ ಮೀನನ್ನು ಹುಚ್ಚರಾಯನ ಕೆರೆಗೋ ದಂಡಾವತಿ ಹೊಳೆಗೋ ಬಿಟ್ಟರೆ ಸಾಯುತ್ತದೆ. ಪ್ರವಾಸಕ್ಕೆ ಹೋದಾಗ ಸಮುದ್ರಕ್ಕೆ ಬಿಡುವುದೂ ತಪ್ಪು. ನಮ್ಮ ಕಡೆಯ ಸಾಗರಗಳ ಲಯನ್ ಫಿಶ್ ಹೀಗೇ ಅಮೆರಿಕದ ಪೂರ್ವ ತೀರಕ್ಕೆ ಸೇರಿ, ಕೆರಿಬಿಯನ್ ತುಂಬಾ ಹಬ್ಬಿ, ಅಲ್ಲಿನ ಸಣ್ಣ ಮೀನುಗಳನ್ನು ತಿಂದು ಮುಗಿಸುತ್ತಿದೆ.

ಫ್ರಿಜ್ ಮೇಲೆ ಅಂಟಿಸಿಕೊಳ್ಳಲು

ಒಂದರಿಂದ ಆರನೇ ವಾರ: ಸಿಗಡಿ ತುಂಡು, ಟೆಸ್ಟ್ ಕಿಟ್, ಮೀನಿಲ್ಲ.
ಏಳನೇ ವಾರ: ವಾಚ್‌ಮನ್ ಗೋಬಿ.
ಹತ್ತನೇ ವಾರ: ಫೈರ್ ಫಿಶ್.
ಹದಿಮೂರನೇ ವಾರ: ಕಾರ್ಡಿನಲ್ ಒಂದು.
ಹದಿನಾರನೇ ವಾರ: ಕ್ಲೌನ್ ಜೋಡಿ.

ಪ್ರತಿ ಸಲವೂ ಅಮೋನಿಯಾ, ನೈಟ್ರೈಟ್ ಸೊನ್ನೆ ಇದ್ದರೆ ಮಾತ್ರ ಮುಂದಿನವರಿಗೆ ಬಾಗಿಲು. ಒಟ್ಟು ಐದು ಮೀನು, ಅಷ್ಟೇ. ದಸರಾಕ್ಕೆ ನೀರು ತುಂಬಿಸಿದರೆ ಶಿವರಾತ್ರಿಗೆ ನೆಮೋ ಮನೆಗೆ ಬಂದಿರುತ್ತದೆ, ಮಳೆಗಾಲ ಬರುವಷ್ಟರಲ್ಲಿ ಟ್ಯಾಂಕೂ ಪಳಗಿರುತ್ತದೆ. ಸೊರಬದವರೂ ಇದೇ ಪಟ್ಟಿಯಿಂದ ಶುರು ಮಾಡಬಹುದು. ಟ್ಯಾಂಕ್ ಇದೆ, ಹೊಸದಾಗಿ ಬೇಕಾಗಿರುವುದು ಟೆಸ್ಟ್ ಕಿಟ್ ಮತ್ತು ಆರು ವಾರ.

ಇಷ್ಟು ಕಾಯಲು, ವಾರಕ್ಕೆ 13 ಲೀಟರ್ ಕಲಸಲು ಬಿಡುವಿಲ್ಲ ಅನ್ನುವವರು ಸಿಹಿನೀರಿನ ಟ್ಯಾಂಕ್ ಇಡಿ, ಅದರಲ್ಲೂ ಖುಷಿಯಿದೆ. ಮುಂದಿನ ಸಂಚಿಕೆಗೆ ಪ್ರಶ್ನೆ ಕಳಿಸುವವರು ಟ್ಯಾಂಕಿನ ಅಳತೆ, ನೀರು ಎಲ್ಲಿಯದು, ಮನೆಯಲ್ಲಿ ಇನ್ವರ್ಟರ್ ಇದೆಯೇ ಅನ್ನುವ ಮೂರನ್ನೂ ಬರೆದರೆ ಉತ್ತರ ಕೊಡುವುದು ಸುಲಭ.