ಊರ ದಾರಿಯ ಕಾರಿಗೆ ಎಷ್ಟು ಅಶ್ವಶಕ್ತಿ ಸಾಕು?

ಯಾದಗಿರಿಯ ನಮ್ಮ ಮಿತ್ರರೊಬ್ಬರು ತೊಗರಿ ಮಾರಿದ ಹಣಕ್ಕೆ ಬ್ಯಾಂಕಿನ ಸಾಲವನ್ನೂ ಕೂಡಿಸಿ ಕಾರೊಂದನ್ನು ಕೊಳ್ಳಲು ಹೊರಟಿದ್ದಾರೆ. ಅವರು ನೋಡಿಬಂದಿರುವುದು ಎರಡು ಗಾಡಿಗಳನ್ನು. ಒಂದರ ಯಂತ್ರ 80 ಅಶ್ವಶಕ್ತಿಯದು, ಇನ್ನೊಂದರದು 130. ಬೆಲೆಯಲ್ಲಿರುವ ಅಂತರ ಹಲವು ಲಕ್ಷ ರೂಪಾಯಿ. ಕೊಳ್ಳುವುದಾದರೆ ಜೋರಾದುದನ್ನೇ ಕೊಳ್ಳಬೇಕೆಂದು ಮನೆಯ ಹುಡುಗರ ಹಟ. ಯಾವುದು ಸಾಕೆಂದು ಮಿತ್ರರು ನಮ್ಮನ್ನು ಕೇಳಿದರು. ಈ ಪ್ರಶ್ನೆ ಅವರೊಬ್ಬರದೇ ಅಲ್ಲವಾದುದರಿಂದ ಉತ್ತರವನ್ನು ವಾಚಕರೆಲ್ಲರ ಮುಂದಿಡುವುದು ಲೇಸೆಂದು ನಮಗೆ ತೋರಿತು.

ಮೊದಲು ಅಶ್ವಶಕ್ತಿಯೆಂದರೇನೆಂಬುದನ್ನು ತಿಳಿಯೋಣ. ತನ್ನ ಉಗಿಯಂತ್ರವು ಎಷ್ಟು ಕುದುರೆಗಳ ಕೆಲಸ ಮಾಡಬಲ್ಲುದೆಂದು ಗಿರಾಕಿಗಳಿಗೆ ತಿಳಿಸಲು ಜೇಮ್ಸ್ ವಾಟ್ ಹದಿನೆಂಟನೆಯ ಶತಮಾನದಲ್ಲಿ ಬಳಕೆಗೆ ತಂದ ಅಳತೆ ಇದು. ಇಂದಿನ ಮೆಟ್ರಿಕ್ ಲೆಕ್ಕದಲ್ಲಿ, 75 ಕಿಲೋಗ್ರಾಮ್ ತೂಕದ ಜೋಳದ ಚೀಲವೊಂದನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಶಕ್ತಿಯೇ ಒಂದು ಅಶ್ವಶಕ್ತಿ. ನೇಗಿಲಿಗೆ ಹೂಡಿದ ಒಳ್ಳೆಯ ಜೋಡೆತ್ತು ಹೆಚ್ಚುಕಡಿಮೆ ಇಷ್ಟೇ ಶಕ್ತಿಯಿಂದ ಎಳೆಯುತ್ತದೆ. 130 ಅಶ್ವಶಕ್ತಿಯ ಕಾರನ್ನು ಕೊಂಡವನು ಅಂಗಳದಲ್ಲಿ 130 ಜೋಡೆತ್ತುಗಳನ್ನು ಕಟ್ಟಿಕೊಂಡಂತಾಯಿತು. ಅವುಗಳಿಗೆ ಕೆಲಸವುಂಟೇ?

ಲೆಕ್ಕ ಹಾಕಿ ನೋಡೋಣ. ಜನರೂ ಸಾಮಾನೂ ಸೇರಿ 1,200 ಕಿಲೋಗ್ರಾಮ್ ತೂಗುವ ಕಾರು ಸಮತಟ್ಟಾದ ದಾರಿಯಲ್ಲಿ ಒಂದೇ ವೇಗದಿಂದ ಹೋಗುವಾಗ ಎದುರಿಸಬೇಕಾದುದು ಎರಡು ತಡೆಗಳನ್ನು ಮಾತ್ರ: ಉರುಳುವ ಗಾಲಿಗಳದು ಒಂದು, ಗಾಳಿಯದು ಇನ್ನೊಂದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಇವೆರಡನ್ನೂ ಗೆಲ್ಲಲು ಗಾಲಿಗಳಿಗೆ ಸುಮಾರು 7 ಅಶ್ವಶಕ್ತಿ ಸಾಕು. 80ಕ್ಕೆ ಸುಮಾರು 12, 100ಕ್ಕೆ ಸುಮಾರು 19 ಬೇಕು. ಸುರಪುರವು ಬೆಟ್ಟಗಳ ನಡುವಣ ಊರು, ಅಲ್ಲಿ ಏರು ಹತ್ತಬೇಡವೇ ಎಂದು ವಾಚಕರು ಕೇಳಬಹುದು. ಹತ್ತು ಮೀಟರು ಸಾಗುವಷ್ಟರಲ್ಲಿ ಒಂದು ಮೀಟರು ಮೇಲೇರುವ ಕಡಿದಾದ ದಾರಿಯನ್ನು 40 ಕಿಲೋಮೀಟರು ವೇಗದಲ್ಲಿ ಹತ್ತಲೂ ಸುಮಾರು 21 ಅಶ್ವಶಕ್ತಿ ಸಾಕು. 1908ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ‘ಟಿ’ ಮಾದರಿಯ ಯಂತ್ರದ ಶಕ್ತಿ 20. 1983ರ ಡಿಸೆಂಬರಿನಲ್ಲಿ ನಮ್ಮ ದೇಶದ ರಸ್ತೆಗಿಳಿದ ಮಾರುತಿ 800ರದು 40ಕ್ಕಿಂತಲೂ ಕಡಿಮೆ. ಅದರಲ್ಲಿಯೇ ಎಷ್ಟೋ ಸಂಸಾರಗಳು ದೇಶ ಸುತ್ತಿಬಂದವು.

ಹಾಗಾದರೆ 40 ಸಾಕೆನ್ನೋಣವೇ? ಹಾಗೆನ್ನುವುದು ನ್ಯಾಯವಲ್ಲ. ಹಿಂದಿಕ್ಕುವಾಗ ವೇಗವನ್ನು ಬೇಗ ಹೆಚ್ಚಿಸಿಕೊಳ್ಳಬೇಕಾಗುತ್ತದೆ. ಹೆಚ್ಚಿನ ಶಕ್ತಿ ಬೇಕಾಗುವುದು ಅಲ್ಲಿಯೇ. 50 ಕಿಲೋಮೀಟರು ವೇಗದ ಲಾರಿಯೊಂದರ ಹಿಂದಿದ್ದೇವೆಂದು ಭಾವಿಸಿ. ಅದನ್ನು ದಾಟಲು 6 ಸೆಕೆಂಡಿನಲ್ಲಿ 80ಕ್ಕೆ ಏರಬೇಕಾದರೆ ಗಾಲಿಗಳಿಗೆ ಸುಮಾರು 50 ಅಶ್ವಶಕ್ತಿ ತಲುಪಬೇಕು. ಹಲ್ಲುಚಕ್ರಗಳಲ್ಲಿ ಸೋರಿಹೋಗುವ ಪಾಲು, ಬೇಸಗೆಯಲ್ಲಿ ತಂಪು ಯಂತ್ರವು ಕಬಳಿಸುವ ಮೂರು ನಾಲ್ಕು ಅಶ್ವಶಕ್ತಿ, 40 ಡಿಗ್ರಿ ಮೀರಿದ ಬಿಸಿಲಿನ ತೆಳುಗಾಳಿಯಿಂದ ಕುಂದುವ ಅಂಶ, ಇವೆಲ್ಲವನ್ನೂ ಕೂಡಿಸಿದರೆ ಯಂತ್ರದ ಶಕ್ತಿ 70ರಿಂದ 80ರಷ್ಟಿರಬೇಕು. ಇದೇ ಕೆಲಸವನ್ನು 3 ಸೆಕೆಂಡಿನಲ್ಲಿ ಮುಗಿಸಬೇಕೆಂದರೆ 120, 130 ಬೇಕಾದೀತು. ಹಲವು ಲಕ್ಷ ಕೊಟ್ಟು ನಮ್ಮ ಮಿತ್ರರು ಕೊಳ್ಳುವುದು ಈ 3 ಸೆಕೆಂಡುಗಳನ್ನೇ.

ಆ 3 ಸೆಕೆಂಡುಗಳೇ ಜೀವ ಉಳಿಸಬಹುದಲ್ಲವೇ ಎಂಬ ವಾದವುಂಟು. ನಮ್ಮ ಉತ್ತರವಿಷ್ಟೆ: 3 ಸೆಕೆಂಡು ತಡವಾದರೆ ಪ್ರಾಣಕ್ಕೆ ಎರವಾಗುವ ಕಡೆ ಹಿಂದಿಕ್ಕಲು ಹೊರಡುವುದೇ ತಪ್ಪು. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರಗಳ ಹೊಲಗಳಲ್ಲಿ ಭತ್ತವೂ ಹತ್ತಿಯೂ ತುಂಬಿವೆ. ಸುಗ್ಗಿಯಲ್ಲಿ ಆ ದಾರಿಗಳ ಮೇಲೆ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು, ಬಂಡಿಗಳು, ಕುರಿಹಿಂಡುಗಳು, ಒಕ್ಕಲೆಂದು ಹರಡಿದ ಕಾಳು, ಎಲ್ಲವೂ ಇರುತ್ತವೆ. ಇಲ್ಲಿ ಬೇಕಾದುದು ಓಡುವ ಶಕ್ತಿಗಿಂತ ನಿಲ್ಲುವ ಶಕ್ತಿ.

ನಿಲ್ಲುವ ವಿಷಯದಲ್ಲಾದರೋ ಅಶ್ವಶಕ್ತಿಯಿಂದ ಎಳ್ಳಷ್ಟೂ ನೆರವಿಲ್ಲ. ಅಪಾಯವನ್ನು ಕಂಡು ಬ್ರೇಕು ಒತ್ತಲು ಚಾಲಕನಿಗೆ ಒಂದು ಸೆಕೆಂಡು ಹಿಡಿಯುತ್ತದೆಂದುಕೊಂಡರೂ, ಒಣಗಿದ ಡಾಂಬರು ರಸ್ತೆಯಲ್ಲಿ 60 ಕಿಲೋಮೀಟರು ವೇಗದ ಕಾರು ಸುಮಾರು 37 ಮೀಟರಿನೊಳಗೆ ನಿಲ್ಲುತ್ತದೆ. 100ರ ವೇಗದಲ್ಲಿದ್ದರೆ ಸುಮಾರು 84 ಮೀಟರು ಬೇಕು. ಮೊದಲ ಮಳೆಯಲ್ಲಿ ಟ್ರ್ಯಾಕ್ಟರಿನ ಗಾಲಿಗಳು ಹೊಲದಿಂದ ತಂದು ಮೆತ್ತಿದ ಎರೆಮಣ್ಣು ಸಾಬೂನಿನಂತೆ ಜಾರತೊಡಗಿದಾಗ ಈ ದೂರ ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ರಸ್ತೆಯನ್ನು ಹಿಡಿಯುವುದು ಅಂಗೈಯಗಲದ ನಾಲ್ಕು ರಬ್ಬರಿನ ತುಂಡುಗಳು. ಯಂತ್ರ 80ರದಾಗಿರಲಿ 130ರದಾಗಿರಲಿ, ಆ ಅಂಗೈಗಳ ಹಿಡಿತ ಹೆಚ್ಚುವುದಿಲ್ಲ.

ಇನ್ನು ಖರ್ಚಿನ ಮಾತು. ದೊಡ್ಡ ಪೆಟ್ರೋಲ್ ಯಂತ್ರದಿಂದ ಚಿಕ್ಕ ಕೆಲಸ ಮಾಡಿಸಿದರೆ ಇಂಧನದ ಹೆಚ್ಚಿನ ಪಾಲು ಯಂತ್ರದ ಒಳಗಿನ ಘರ್ಷಣೆಗೂ, ಅರೆಮುಚ್ಚಿದ ಬಾಯಿಂದ ಗಾಳಿಯನ್ನು ಹೀರುವ ಶ್ರಮಕ್ಕೂ ವ್ಯರ್ಥವಾಗುತ್ತದೆ. ಹತ್ತು ಹನ್ನೆರಡು ಅಶ್ವಶಕ್ತಿಯ ಕೆಲಸಕ್ಕೆ 130ರ ಯಂತ್ರವನ್ನು ಸಾಕುವುದು, ಒಂದು ಕೊಡ ನೀರಿಗೆ ಬಂಡಿ ಹೂಡಿದಂತೆ.

ದಾರಿಯಲ್ಲಿ ಕಾಣುವ ಟ್ರ್ಯಾಕ್ಟರನ್ನೇ ನೋಡಿ. 45 ಅಶ್ವಶಕ್ತಿಯ ಟ್ರ್ಯಾಕ್ಟರು ಭತ್ತದ ಚೀಲಗಳನ್ನು ಹೇರಿದ ಗಾಡಿಯನ್ನು ಎಳೆಯುತ್ತದೆ. ಒಟ್ಟು ಭಾರ ನಮ್ಮ ಕಾರಿನ ನಾಲ್ಕೈದು ಪಟ್ಟು. ಅದರ ಹಿಂದೆ ಒಂಟಿ ಸವಾರನನ್ನು ಹೊತ್ತ 130ರ ಕಾರು ದಾರಿ ಬಿಡೆಂದು ಹಾರನ್ ಬಾರಿಸುತ್ತಿರುತ್ತದೆ. ಶಕ್ತಿಯೆಂದರೆ ಬಲವನ್ನು ವೇಗದಿಂದ ಗುಣಿಸಿದ ಫಲವೆಂಬುದು ಶಾಲೆಯ ಪಾಠ. ಟ್ರ್ಯಾಕ್ಟರು ಆ ಶಕ್ತಿಯನ್ನು ಬಲಕ್ಕೆ ವೆಚ್ಚಮಾಡುತ್ತದೆ. ಕಾರಿನವನು ಅದನ್ನು ವೇಗಕ್ಕಾಗಿಯೇ ಕೊಳ್ಳುತ್ತಾನೆ. ಆದರೆ ಆ ವೇಗವನ್ನು ಬಳಸಲು ದಾರಿಯೇ ಎಡೆಗೊಡುವುದಿಲ್ಲ.

ಮಿತ್ರರಿಗೆ ನಾವು ಹೇಳಿದುದು ಇಷ್ಟು: 80 ಸಾಕು, ಅದೇ ಹಿತ. ಎಂಟು ಜನರನ್ನು ತುಂಬಿಕೊಂಡು ದಿನವೂ ಘಟ್ಟ ಹತ್ತುವ ಬಾಡಿಗೆ ಗಾಡಿಯ ಮಾತು ಬೇರೆ. ಅದಕ್ಕೆ 100 ಮೀರಿದರೂ ನಾವು ಬೇಡವೆನ್ನೆವು. ಮಿತ್ರರ ಸಂಸಾರಕ್ಕೆ ಮಾತ್ರ ಉಳಿದ ಹಣದಲ್ಲಿ ಒಂದು ಪಾಲು ಒಳ್ಳೆಯ ಟಯರುಗಳಿಗೂ ಗಾಳಿಚೀಲಗಳಿಗೂ ಗಾಡಿ ಜಾರದಂತೆ ಕಾಯುವ ಸಾಧನಕ್ಕೂ ಸಲ್ಲಲಿ. ಮಿಕ್ಕುದರಿಂದ ಸಾಲ ಇಳಿಯಲಿ. ಮುಂದಿನ ವರ್ಷ ಮಳೆ ಕೈಕೊಟ್ಟರೆ ತೊಗರಿ ಬಾರದಿರಬಹುದು. ಬ್ಯಾಂಕಿನ ಕಂತು ಬಾರದಿರುವುದಿಲ್ಲ.